ಬೀದಿ ಕಾಣದ ಬೂಟುಗಳು

ನನ್ನ ಚಿಕ್ಕಮ್ಮ ಮರಿಸೋಲ್‌ಳನ್ನು ವೇದಿಕೆಗೆ ಕರೆಯುವವರೆಲ್ಲ ಒಂದೇ ಕಥೆ ಹೇಳುತ್ತಾರೆ. ಮೆಕ್ಸಿಕೊ ದೇಶದ ವೆರಾಕ್ರೂಸ್ ಎಂಬ ಬಂದರಿನಿಂದ ಚೆನ್ನೈಗೆ ಸೊಸೆಯಾಗಿ ಬಂದ ಹುಡುಗಿ ಮೊದಲ ನವರಾತ್ರಿಯಲ್ಲಿ ಅತ್ತೆ ಕೂರಿಸಿದ ಗೊಂಬೆಗಳನ್ನು ಕಂಡಳಂತೆ. ತನ್ನ ಊರಿನಲ್ಲಿ ತೀರಿಕೊಂಡವರ ನೆನಪಿಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟುವ ಹೂವಿನ ಪೀಠ ನೆನಪಾಗಿ ಅಲ್ಲೇ ನಿಂತು ಅತ್ತಳಂತೆ. ಅತ್ತೆ ಅಪ್ಪಿಕೊಂಡರಂತೆ. ಈ ಊರಿನ ಮಕ್ಕಳು ಇವತ್ತು ಸ್ಪ್ಯಾನಿಷ್ ಹಾಡು ಹಾಡಿಕೊಂಡು ಮರದ ಮಣೆಯ ಮೇಲೆ ಕುಣಿಯುತ್ತಿರುವುದಕ್ಕೆ ಆ ಕಣ್ಣೀರೇ ಮೂಲವಂತೆ. ಕೊನೆಗೆ ನಿರೂಪಕರು ಮಕ್ಕಳ ಪಾದಗಳ ಕಡೆ ಕೈ ತೋರಿಸುತ್ತಾರೆ: ಈ ಬೂಟುಗಳು ಒಮ್ಮೆಯೂ ಬೀದಿಗೆ ಇಳಿಯುವುದಿಲ್ಲ, ಇದು ವೆರಾಕ್ರೂಸಿನ ಪುರಾತನ ಸಂಪ್ರದಾಯ. ಚಪ್ಪಾಳೆ. ಕಳೆದ ವಿಜಯದಶಮಿಗೆ ಈ ಕಥೆ ಅಚ್ಚಾದ ಕಾರ್ಡನ್ನು ಓದುವ ಕೆಲಸ ನನ್ನ ಪಾಲಿಗೆ ಬಂತು. ನಾನು ಶಾಲೆ ಕಾಲೇಜುಗಳಲ್ಲಿ ಚರ್ಚಾಸ್ಪರ್ಧೆ ಮಾಡಿಕೊಂಡೇ ಬೆಳೆದವಳು, ಈಗ ಅದನ್ನೇ ಕಲಿಸಿ ಬದುಕುವವಳು. ಆಧಾರವಿಲ್ಲದ ವಾಕ್ಯವನ್ನು ಬಾಯಿಂದ ಹೊರಡಿಸುವುದು ನನಗೆ ಮೈಗೆ ಆಗದ ಕೆಲಸ. ಆದರೂ ಚಿಕ್ಕಮ್ಮ ಪರದೆಯ ಪಕ್ಕದಿಂದ ನೋಡುತ್ತಿದ್ದಳು, ಓದಿಬಿಟ್ಟೆ. ಆ ಬಾಕಿಯನ್ನು ಇಲ್ಲಿ ತೀರಿಸುತ್ತೇನೆ. ಅದು ಅವಳ ಮೊದಲ ನವರಾತ್ರಿ ಅಲ್ಲ, ಮೂರನೆಯದು. ಅವಳು ಅಳಲಿಲ್ಲ. ಆ ಅತ್ತೆ, ಅಂದರೆ ನಮ್ಮಜ್ಜಿ, ಯಾರನ್ನೂ ಅಪ್ಪಿಕೊಂಡದ್ದನ್ನು ನಾನು ಈ ತನಕ ನೋಡಿಲ್ಲ. ಇನ್ನು ಬೂಟಿನ ಸಂಪ್ರದಾಯಕ್ಕೆ ವೆರಾಕ್ರೂಸಿನಲ್ಲಿ ಯಾವ ಬೇರೂ ಇಲ್ಲ. ಅದು ಹುಟ್ಟಿದ್ದು ನಮ್ಮ ಮನೆಯ ನಡುಮನೆಯಲ್ಲಿ, ನನಗೆ ಹನ್ನೊಂದು ವರ್ಷವಾಗಿದ್ದಾಗ, ನನ್ನ ಕಣ್ಣೆದುರಿಗೇ.

ನುಂಗಂಬಾಕ್ಕಂನ ಒಂದು ಅಡ್ಡಬೀದಿಯಲ್ಲಿದ್ದ ಆ ಮನೆಗೆ ಗೋಡೆಗಳಿಗಿಂತ ಕಟ್ಟಳೆಗಳೇ ಹೆಚ್ಚು ಗಟ್ಟಿಯಾಗಿದ್ದವು. ಕೆಂಪು ಗಾರೆಯ ನಡುಮನೆಯವರೆಗೆ ಯಾರಾದರೂ ಬರಬಹುದು. ಒಳ ಅಡುಗೆಮನೆ ಅಜ್ಜಿಯದು. ಮಡಿ ಸೀರೆ ಉಟ್ಟು ಅವಳು ಒಲೆಯ ಮುಂದೆ ನಿಂತ ಮೇಲೆ ಅಪ್ಪ ಅಮ್ಮ ಸಹ ಹೊಸಿಲಿನ ಈಚೆಯಿಂದಲೇ ಮಾತಾಡಬೇಕು. ಮಡಿಯಿಲ್ಲದವರ ಕಾಫಿ ತಿಂಡಿಗೆ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇನ್ನೊಂದು ಒಲೆ. ಮೇಲೆ ತಾರಸಿಯಲ್ಲಿ ಶೀಟು ಹೊದಿಸಿದ ಒಂದೇ ಒಂದು ಕೋಣೆ. ಮಾತಿಗೂ ಕಟ್ಟಳೆ ಇತ್ತು. ನಮ್ಮ ಮನೆತನ ಮದರಾಸಿಗೆ ಬಂದು ಎಷ್ಟೋ ಕಾಲವಾದರೂ ಅಜ್ಜಿ ಮಾತ್ರ ಮೈಸೂರು ಕಡೆಯ ಕನ್ನಡವನ್ನು ಬಿಟ್ಟಿರಲಿಲ್ಲ, ನಡುನಡುವೆ ತಮಿಳು ಸೇರಿದ್ದು ಅವಳಿಗೇ ಗೊತ್ತಾಗುತ್ತಿರಲಿಲ್ಲ ಅಷ್ಟೆ. ಶಾಲೆಯಿಂದ ಬಂದ ನಾನು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುತ್ತಿದ್ದೆ. ಬೇಡಿಕೆಗಳನ್ನು ಯಾವ ಭಾಷೆಯಲ್ಲಿ ಕೇಳಿದರೂ ಅವಳು ನಡೆಸಿಕೊಡುತ್ತಿದ್ದಳು. ಜಗಳ ಮಾತ್ರ ಕನ್ನಡದಲ್ಲೇ ಆಡಬೇಕು. ತಮಿಳಿನಲ್ಲಿ ಎಷ್ಟೇ ಒಳ್ಳೆಯ ವಾದ ಹೂಡಿದರೂ ಅವಳು ಕೇಳಿಸದವಳಂತೆ ಅಕ್ಕಿ ಆರಿಸುತ್ತಿದ್ದಳು. ನಾನು ಇವತ್ತು ಈ ಪುಸ್ತಕವನ್ನು ಕನ್ನಡದಲ್ಲಿ ಬರೆಯುತ್ತಿದ್ದರೆ ಅದಕ್ಕೆ ಭಾಷಾಭಿಮಾನ ಕಾರಣವಲ್ಲ. ಅಜ್ಜಿಯ ಎದುರು ಗೆಲ್ಲಬೇಕೆಂಬ ಹಟ ಕಾರಣ.

ಈ ಮನೆಗೆ ಮರಿಸೋಲ್‌ಳನ್ನು ಕರೆತಂದವನು ಸೀನು ಚಿಕ್ಕಪ್ಪ. ಅವನು ಹಡಗಿನ ಇಂಜಿನಿಯರ್. ದೂರದ ಬಂದರಿನಿಂದ ಒಂದು ಫೋಟೋ ಕಳಿಸಿದ, ಆಮೇಲೆ ಫೋಟೋದಲ್ಲಿದ್ದವಳನ್ನೇ ಕರೆತಂದ. ಅಜ್ಜಿ ಆರತಿ ಎತ್ತಿ ಒಳಗೆ ಕರೆದುಕೊಂಡಳು, ಹಿತ್ತಿಲಿನ ಒಲೆ ತೋರಿಸಿದಳು, ಅಲ್ಲಿಗೆ ನಿಂತಳು. ಒಳ ಅಡುಗೆಮನೆಗಾಗಲಿ ದೇವರ ಮನೆಗಾಗಲಿ ಅವಳಿಗೆ ಪ್ರವೇಶವಿರಲಿಲ್ಲ. ಇದನ್ನು ಸಿಹಿ ಮಾಡಿ ಹೇಳುವುದು ನನ್ನಿಂದಾಗದು. ಆದರೆ ಹಿತ್ತಿಲಿನ ಒಲೆಯಿಂದ ಒಳ ಅಡುಗೆಮನೆಯ ಕಿಟಕಿಗೆ ನಾಲ್ಕೇ ಅಡಿ ದೂರ, ಆ ಕಿಟಕಿಯಲ್ಲಿ ಎರಡು ವರ್ಷ ಏನೇನು ದಾಟಿತು ಎಂಬುದನ್ನೂ ಹೇಳಬೇಕು. ಒಂದು ದಿನ ಕೋಯಂಬೇಡು ಮಾರುಕಟ್ಟೆಯಿಂದ ಒಣಗಿದ ಮೆಕ್ಕೆಜೋಳ ತರಿಸಿದ ಚಿಕ್ಕಮ್ಮ, ಕಿಟಕಿಯ ಬಳಿ ನಿಂತು ಅಜ್ಜಿಯ ಎಲೆಯಡಿಕೆ ತಟ್ಟೆಯಲ್ಲಿದ್ದ ಸುಣ್ಣದ ಡಬ್ಬಿ ಕೇಳಿದಳು. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಇಡೀ ರಾತ್ರಿ ನೆನೆಹಾಕಿದರೇನೇ ಅವಳ ಊರಿನ ರೊಟ್ಟಿಯ ಹಿಟ್ಟು ಹದಕ್ಕೆ ಬರುವುದು. ಅಜ್ಜಿ ಡಬ್ಬಿ ಕೊಟ್ಟಳು, ಕೊಟ್ಟು ಹುಡುಗಿಗೆ ಬುದ್ಧಿ ಸರಿಯಿಲ್ಲವೆಂದು ಇಡೀ ಮನೆಗೆ ಕೇಳಿಸುವಂತೆ ಹೇಳಿದಳು. ಮರುದಿನ ಆ ರೊಟ್ಟಿಯ ವಾಸನೆಗೆ ತಾನೇ ಕಿಟಕಿಗೆ ಬಂದು ನಿಂತಳು. ತಿನ್ನಲಿಲ್ಲ. ಸುಣ್ಣ ಎಷ್ಟು ಹಾಕಿದೆ, ಎಷ್ಟು ಹೊತ್ತು ಬೇಯಿಸಿದೆ ಎಂದು ವಿಚಾರಿಸಿಕೊಂಡು ಹೋದಳು. ಆಮೇಲಿಂದ ವಾರಕ್ಕೊಮ್ಮೆ ಸುಣ್ಣದ ಡಬ್ಬಿ ಕೇಳದೆಯೇ ಕಿಟಕಿಯ ಮೇಲೆ ಬಂದು ಕೂರುತ್ತಿತ್ತು. ಚಿಕ್ಕಮ್ಮ ಕನ್ನಡ ಕಲಿತದ್ದೂ ಆ ಕಿಟಕಿಯಲ್ಲೇ. ಹಾಗಾಗಿ ಅವಳ ಕನ್ನಡ ಥೇಟ್ ಅರವತ್ತೆಂಟು ವರ್ಷದ ಮಡಿ ಹೆಂಗಸಿನ ಕನ್ನಡ. ಇಪ್ಪತ್ತೇಳರ ಹುಡುಗಿ "ಶಿವಶಿವಾ" ಎಂದು ನಿಟ್ಟುಸಿರು ಬಿಡುವುದನ್ನು ಕೇಳಿ ತರಕಾರಿಯವನು ತಕ್ಕಡಿ ಕೆಳಗಿಟ್ಟು ನಕ್ಕಿದ್ದುಂಟು.

ತಾರಸಿಯ ಕೋಣೆ ಅವಳ ಲೋಕ. ಅಲ್ಲಿ ಅವಳ ಹರಾನಾ ಇತ್ತು, ಎಂಟು ತಂತಿಯ ಪುಟ್ಟ ಗಿಟಾರಿನಂಥ ವಾದ್ಯ, ಒಂದೇ ಮರದ ತುಂಡಿನಿಂದ ಕೊರೆದದ್ದು. ಅದಕ್ಕಿಂತ ಮುಖ್ಯವಾದದ್ದು ತರೀಮಾ. ಅವಳ ಊರಿನ ಹಬ್ಬದಲ್ಲಿ ಹಾಡುವವರೆಲ್ಲ ಸುತ್ತ ನಿಲ್ಲುತ್ತಾರೆ, ನಡುವೆ ಒಂದಡಿ ಎತ್ತರದ ಟೊಳ್ಳು ಮಣೆಯ ಮೇಲೆ ಹೆಂಗಸರು ಗಟ್ಟಿ ಹಿಮ್ಮಡಿಯ ಬೂಟು ತೊಟ್ಟು ಕುಣಿಯುತ್ತಾರೆ. ಕುಣಿತಕ್ಕೆ ತಾಳವಾದ್ಯ ಬೇರೆ ಇಲ್ಲ, ಆ ಮಣೆಯೇ ವಾದ್ಯ. ಒಬ್ಬರು ಒಂದು ಸಾಲು ಹಾಡಿದರೆ ಎದುರಿನವರು ಅದನ್ನು ಎತ್ತಿಕೊಂಡು ತಿರುಗಿಸಿ, ಕೆಣಕಿ, ಉತ್ತರ ಕೊಡಬೇಕು. ನನ್ನ ಮೊದಲ ಚರ್ಚಾಕೂಟ ಅದು ಎನ್ನಲು ಅಡ್ಡಿಯಿಲ್ಲ. ನಾವಿಬ್ಬರೇ ಶೀಟಿನ ಕೆಳಗೆ ಬೆವರುತ್ತ ಅವಳ ಭಾಷೆಯಲ್ಲಿ ಒಬ್ಬರನ್ನೊಬ್ಬರು ಬೈದುಕೊಂಡು ಹಾಡುತ್ತಿದ್ದೆವು. ಆ ತರೀಮಾವನ್ನು ಅವಳು ವೀಣೆ ಮೃದಂಗ ಮಾಡುವ ಬಡಗಿಯೊಬ್ಬನಿಂದ ಹಲಸಿನ ಮರದಲ್ಲಿ ಮಾಡಿಸಿದ್ದಳು. ತಿಂಗಳಾನುಗಟ್ಟಲೆ ಅವನ ಹಿಂದೆ ಅಲೆದಿದ್ದಳು. ಯಾಕೆಂದರೆ ಎರಡು ವರ್ಷದಿಂದ ಈ ಊರಿನಲ್ಲಿ ಅವಳ ಸಂಗೀತವನ್ನು ಯಾರೂ ಕೇಳಿರಲಿಲ್ಲ. ಶಾಲೆಗಳು ಗಿಟಾರ್ ಕಲಿಸುತ್ತೀರಾ ಎಂದವು, ಕಛೇರಿ ಏರ್ಪಡಿಸುವ ಸಂಗೀತ ಸಭಾಗಳವರು ನಗುತ್ತ ಕಾಫಿ ಕೊಟ್ಟು ಕಳಿಸಿದರು. ಕೊನೆಗೊಂದು ಶಾಲೆಯ ಸಭಾಂಗಣದಲ್ಲಿ ಒಂದು ಸಂಜೆ ಗೊತ್ತಾಯಿತು. ಒಂದು ಕಾನ್ಸುಲೇಟಿನವರು ಬರುತ್ತಾರೆ, ನೃತ್ಯದವರು ಬರುತ್ತಾರೆ, ಚೆನ್ನಾಗಿ ಆದರೆ ಅದೇ ಶಾಲೆಯಲ್ಲಿ ತರಗತಿ. ಆಗದಿದ್ದರೆ ಡಿಸೆಂಬರಿಗೆ ಊರಿಗೆ ಹೋಗಿಬಿಡುತ್ತೇನೆ ಎಂದು ಅವಳು ನನ್ನೊಬ್ಬಳಿಗೆ ಹೇಳಿದ್ದಳು. ವಾಪಸು ಬರುವ ಮಾತು ಆಡಲಿಲ್ಲ. ದಿನ ಗೊತ್ತು ಮಾಡಿದವನು ಸೀನು ಚಿಕ್ಕಪ್ಪ, ಶನಿವಾರ ಎಲ್ಲರಿಗೂ ಬಿಡುವು ಎಂದು. ಹಡಗಿನಲ್ಲಿ ಅರ್ಧ ವರ್ಷ ಕಳೆಯುವವನಿಗೆ ಅದು ನವರಾತ್ರಿಯ ಶನಿವಾರ ಎಂಬುದು ಹೊಳೆಯಲಿಲ್ಲ.

ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಗೊಂಬೆ ಮೆಟ್ಟಿಲು ಕಟ್ಟುವುದು. ಟ್ರಂಕು, ಬೆಂಚು, ಹಲಗೆಗಳನ್ನು ಏರಿಕೆಯಲ್ಲಿ ಜೋಡಿಸಿ ಮೇಲೆ ಬಿಳಿ ಪಂಚೆ ಹೊದಿಸಿದರೆ ಏಳು ಮೆಟ್ಟಿಲು. ಎಣಿಕೆ ಬೆಸ ಇರಲೇಬೇಕು. ಆ ವರ್ಷ ಕೆಳಗಿನ ಮೆಟ್ಟಿಲಿನ ಟ್ರಂಕು ತುಕ್ಕು ತಿಂದು ತಳ ಬಿಟ್ಟಿತ್ತು, ಆರೇ ಉಳಿದವು. ಚಿಕ್ಕಮ್ಮ ಕೊಡೈಕೆನಾಲಿನ ಯಾವುದೋ ಶಾಲೆಯಲ್ಲಿ ಮೂರು ದಿನ ಹಾಡು ಕಲಿಸಲು ಹೋಗಿದ್ದಳು, ಚಿಕ್ಕಪ್ಪನೂ ಜೊತೆಗೆ. ಅಜ್ಜಿ ಸೊಂಟಕ್ಕೆ ಕೈ ಕೊಟ್ಟು ಒಂದು ನಿಮಿಷ ಯೋಚಿಸಿ, ತಾರಸಿ ಕೋಣೆಯಲ್ಲಿ ಹೊಸದಾಗಿ ಒಂದು ಮಣೆ ಬಂದಿದೆಯಲ್ಲ, ಅದನ್ನು ತನ್ನಿ ಎಂದಳು. ಅಪ್ಪ ಒಂದು ತುದಿ ಹಿಡಿದರು, ನಾನೊಂದು ತುದಿ. ನಡುಮನೆಯಲ್ಲಿ ಇಳಿಸಿದಾಗ ಅಜ್ಜಿ ಬಗ್ಗಿ ಬೆರಳಿನ ಗಿಣ್ಣಿನಿಂದ ಅದನ್ನು ಎರಡು ಸಲ ಬಡಿದಳು. ತಲೆ ಓರೆ ಮಾಡಿದಳು. ಮೂರನೆಯ ಸಲ ಬಡಿದು, ಸರಿ, ಇಡಿ ಎಂದಳು. ಅಳತೆ ಮಾಡಿಸಿದಂತೆ ಕೂತಿತು. ಅದು ಅಗಲವಾಗಿದ್ದುದರಿಂದ ಮುಂದೆ ಎರಡಡಿ ಜಾಗ ಉಳಿಯಿತು, ಅಲ್ಲಿ ನನ್ನ ಪಾರ್ಕು: ಸಾಸಿವೆ ಮೊಳಕೆಯ ಹುಲ್ಲು, ಒಡೆದ ಕನ್ನಡಿಯ ಕೊಳ, ಪ್ಲಾಸ್ಟಿಕ್ಕಿನ ಕ್ರಿಕೆಟ್ ತಂಡ. ಅಂಥ ದೊಡ್ಡ ಪಾರ್ಕು ನನಗೆ ಯಾವ ವರ್ಷವೂ ಸಿಕ್ಕಿರಲಿಲ್ಲ. ಮೇಲೆ ಪಟ್ಟದ ಗೊಂಬೆಗಳು ಕೂತವು, ಕಲಶ ಕೂತಿತು. ಕಲಶ ಕೂತಿತೆಂದರೆ ವಿಜಯದಶಮಿಯವರೆಗೆ ಒಂದು ಗೊಂಬೆಯನ್ನೂ ಕದಲಿಸುವ ಹಾಗಿಲ್ಲ. ಯಾವ ಕಥೆಯಲ್ಲೂ ಇಲ್ಲದ ಮಾತನ್ನು ಈಗ ಹೇಳುತ್ತೇನೆ. ಆ ಮಣೆ ಏನೆಂದು ಮನೆಯಲ್ಲಿದ್ದವರ ಪೈಕಿ ಖಂಡಿತವಾಗಿ ಗೊತ್ತಿದ್ದವಳು ನಾನು. ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ, ಬೂಟುಗಾಲಿನಿಂದ ಒದೆಸಿಕೊಳ್ಳಲೆಂದೇ ಮಾಡಿದ ಮಣೆಯ ಮೇಲೆ ದೇವರು ಕೂರುತ್ತಿದ್ದಾನೆ ಎಂದು ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಪಾರ್ಕಿನ ಆಸೆ.

ಬುಧವಾರ ಚಿಕ್ಕಮ್ಮ ಬಂದಳು. ನೇರ ತಾರಸಿಗೆ ಹೋದಳು, ಇಳಿದು ಬಂದಳು, ನಡುಮನೆಯಲ್ಲಿ ಗೊಂಬೆಗಳ ಮುಂದೆ ನಿಂತಳು. ಪಂಚೆಯ ಅಂಚಿನ ಕೆಳಗೆ ಹಲಸಿನ ಹಳದಿ ಒಂದು ಬೆರಳಷ್ಟು ಕಾಣುತ್ತಿತ್ತು. ಕಾರ್ಡಿನಲ್ಲಿ ಕಣ್ಣೀರು ಹರಿಯುವುದು ಇಲ್ಲಿಯೇ. ನಾನು ಅವಳ ಪಕ್ಕದಲ್ಲಿದ್ದೆ. ಕಣ್ಣು ಒಣಗಿತ್ತು, ಕಿವಿ ಕೆಂಪಾಗಿತ್ತು.

"ಯಾರು ಹೊತ್ತು ತಂದ್ರು?"

"ಅಪ್ಪ. ನಾನೂನು."

"ನಿನಗೆ ಪಾರ್ಕು ಚೆನ್ನಾಗಿ ಬಂದಿದೆ ಕಣೇ," ಎಂದಳು. ಆ ಮಾತಿಗಿಂತ ಎರಡೇಟು ಕೊಟ್ಟಿದ್ದರೆ ವಾಸಿಯಿತ್ತು.

ಮರುದಿನ ಮಧ್ಯಾಹ್ನ, ಊಟವಾಗಿ ಅಜ್ಜಿ ಪಕ್ಕದ ಕೋಣೆಯಲ್ಲಿ ಚಾಪೆ ಹಾಕಿ ಮಲಗಿದ ಮೇಲೆ, ಸೀನು ಚಿಕ್ಕಪ್ಪ ಹಿತ್ತಿಲಿನಿಂದ ಇಟ್ಟಿಗೆಗಳನ್ನು ಒಂದೊಂದಾಗಿ ತಂದು ನಡುಮನೆಯಲ್ಲಿ ಜೋಡಿಸಿದ. ಅವನ ಉಪಾಯ ಇಂಜಿನಿಯರಿನದು. ಇಟ್ಟಿಗೆ ಒಳಗೆ ತಳ್ಳುತ್ತ ಮಣೆಯನ್ನು ಹೊರಗೆ ಜಾರಿಸಿದರೆ ಮೇಲಿನ ಗೊಂಬೆಗಳಿಗೆ ಅರಿವೇ ಆಗುವುದಿಲ್ಲ, ಮಲಗಿರುವ ಅಜ್ಜಿಗಂತೂ ಆಗುವುದೇ ಇಲ್ಲ. ಕ್ರಿಕೆಟ್ ತಂಡವನ್ನು ನಾನೇ ಎತ್ತಿ ಪಕ್ಕಕ್ಕಿಟ್ಟೆ. ಅವನು ಮಂಡಿಯೂರಿ ಪಂಚೆಯ ಕೆಳಗೆ ಕೈ ಹಾಕಿದ. ಆಗ ಚಿಕ್ಕಮ್ಮ ಮೆಟ್ಟಿಲಿಳಿದು ಬಂದು ಅವನ ತೋಳು ಹಿಡಿದಳು.

"ವೇಂಡಾಂ ಸೀನು. ಬೇಡ."

"ಶನಿವಾರಕ್ಕೆ ಇನ್ನು ಎರಡೇ ದಿನ ಇದೆ ಮರಿ."

"ನಮ್ಮಜ್ಜಿ ಮನೇಲೂ ಸತ್ತವರಿಗೆ ಹೀಗೇ ಮೆಟ್ಟಿಲು ಕಟ್ತಾರೆ. ಇಟ್ಟಾಯ್ತು ಅಂದ್ರೆ ಇಟ್ಟಾಯ್ತು. ಕದ್ದು ಎಳೆದರೆ ನನಗೆ ಕಾಲು ಬರೋದಿಲ್ಲ ಅದರ ಮೇಲೆ."

ಪೀಠದ ಮಾತು ಬಂದದ್ದು ಹೀಗೆ. ನೆನೆದು ಕರಗಿ ಹೇಳಿದ್ದಲ್ಲ, ಹಲ್ಲು ಕಚ್ಚಿ ಹೇಳಿದ್ದು. ಚಿಕ್ಕಪ್ಪ ಇಟ್ಟಿಗೆಗಳನ್ನು ವಾಪಸು ಹೊತ್ತ. ಪಕ್ಕದ ಕೋಣೆಯ ಬಾಗಿಲು ತೆರೆದೇ ಇತ್ತು ಎಂಬುದನ್ನು ಓದುವವರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ನನಗೆ ತಡೆಯಲಾಗಲಿಲ್ಲ. ಸಂಜೆ ಅಜ್ಜಿ ಬಂದವರಿಗೆ ಹಂಚುವ ಕಡಲೆ ಉಸಲಿಗೆ ತೆಂಗಿನಕಾಯಿ ತುರಿಯುತ್ತಿದ್ದಾಗ ಹೊಸಿಲಿನ ಈಚೆ ಕೂತು ತಮಿಳಿನಲ್ಲಿ ಶುರು ಮಾಡಿದೆ. ಅವಳು ತುರಿಯುತ್ತಲೇ ಇದ್ದಳು. ಕನ್ನಡಕ್ಕೆ ಬಂದೆ.

"ಅಜ್ಜಿ, ದೇವರ ಕೆಳಗಿರೋ ವಸ್ತುಗೆ ಮುಂಚೆ ಯಾವತ್ತೋ ಕಾಲು ತಗುಲಿದ್ದರೆ?"

"ಯಾರ ಕಾಲು?"

"ಯಾರದೋ. ಸುಮ್ನೆ ಒಂದು ಮಾತಿಗೆ."

"ಸುಮ್ನೆ ಮಾತಿಗೆ ನಿನ್ನ ಮುಖ ಯಾಕೆ ಬೆವರ್ತಾ ಇದೆ?"

ಎಲ್ಲ ಹೇಳಿದೆ. ಕುಣಿಯುವ ಮಣೆ ಎಂದೆ, ಶನಿವಾರ ಎಂದೆ, ಡಿಸೆಂಬರ್ ಎಂದೆ. ಬರಿಗಾಲಿನಲ್ಲೋ ಎಂದು ಕೇಳಿದಳು. ಬೂಟು ಎಂದೆ. ತುರಿಮಣೆ ನಿಂತಿತು.

"ಹೊತ್ತು ತರೋವಾಗ ನಿನಗೆ ಗೊತ್ತಿತ್ತಾ?"

ಸುಳ್ಳು ಹೇಳಲು ಅವಳು ಬೇಕಾದಷ್ಟು ಹೊತ್ತು ಕೊಟ್ಟಳು. ಗೊತ್ತಿತ್ತು ಎಂದೆ. ಅವಳು ತಲೆಯಾಡಿಸಿ ಮತ್ತೆ ತುರಿಯತೊಡಗಿದಳು. ಬೈಗುಳ ಬರಲಿಲ್ಲವಾದ್ದರಿಂದ ನನಗೆ ಧೈರ್ಯ ಬಂತು, ಮಧ್ಯಾಹ್ನವಿಡೀ ಕಟ್ಟಿಕೊಂಡಿದ್ದ ವಾದವನ್ನು ಹೂಡಿದೆ. ಬೂಟು ತಗುಲಿದ ಮಣೆ ಮೈಲಿಗೆ ಆಗಿದ್ದರೆ ದೇವರ ಕೆಳಗೆ ಇರಬಾರದು, ಈಗಲೇ ತೆಗೆಯಬೇಕು. ಮೈಲಿಗೆ ಆಗಿಲ್ಲದಿದ್ದರೆ ಚಿಕ್ಕಮ್ಮ ಅದರ ಮೇಲೆ ಕುಣಿಯುವುದರಲ್ಲಿ ತಪ್ಪಿಲ್ಲ, ಅವಳ ಕೆಲಸಕ್ಕೆ ಕೊಡಬೇಕು. ಹೇಗೆ ನೋಡಿದರೂ ಮಣೆ ಹೊರಗೆ ಬರಬೇಕು. ಇವತ್ತಿಗೂ ಆ ವಾದದ ಬಗ್ಗೆ ನನಗೆ ಹೆಮ್ಮೆಯಿದೆ. ಅಜ್ಜಿ ತೆಂಗಿನಕಾಯಿಯ ಕೊನೆಯ ಬಿಳಿ ಮುಗಿಯುವವರೆಗೆ ಕಾದಳು.

"ಕಲಶಕ್ಕೆ ಆವಾಹನೆ ಆದಮೇಲೆ ಅದರ ಕೆಳಗಿರೋದೆಲ್ಲಾ ದೇವರದೇ. ಮೈಲಿಗೆ ಇಲ್ಲ. ದಶಮಿವರೆಗೆ ತೆಗೆಯೋ ಹಾಗೂ ಇಲ್ಲ. ಎರಡನ್ನೂ ಹೊತ್ಕೊಂಡು ನಿಂತ್ಕೋ. ಹೋಗಿ ಕೈ ತೊಳಕೋ, ಜನ ಬರೋ ಹೊತ್ತಾಯ್ತು."

ಸೋತೆ. ನನ್ನ ಎರಡು ದಾರಿಗಳ ನಡುವೆ ಮೂರನೆಯದೊಂದು ಇರಬಹುದೆಂದು ನಾನು ಕಂಡದ್ದು ಆಗಲೇ. ಮುಂದೆ ಎಷ್ಟೋ ವೇದಿಕೆಗಳಲ್ಲಿ ಎದುರಾಳಿಗಳನ್ನು ನಾನು ಬೀಳಿಸಿದ್ದು ಅದೇ ಪಟ್ಟಿನಿಂದ.

ಶನಿವಾರದ ಸಂಜೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಚಿಕ್ಕಪ್ಪ ಪ್ಲೈವುಡ್ಡಿನ ಎರಡು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಮೊಳೆ ಹೊಡೆಸಿದ್ದ. ಅದರ ಮೇಲೆ ಚಿಕ್ಕಮ್ಮನ ಹಿಮ್ಮಡಿ ಬಿದ್ದಾಗಲೆಲ್ಲ ಒದ್ದೆ ರಟ್ಟಿನ ಪೆಟ್ಟಿಗೆ ತುಳಿದ ಸದ್ದು ಬಂತು. ನೃತ್ಯದವರು ಯಾರೂ ಬರಲಿಲ್ಲ. ನವರಾತ್ರಿಯ ಶನಿವಾರ ಈ ಊರಿನ ಹೆಂಗಸರೆಲ್ಲ ರೇಷ್ಮೆಯುಟ್ಟು ಮನೆ ಮನೆಗೆ ಗೊಂಬೆ ನೋಡಲು ಹೊರಟಿರುತ್ತಾರೆ. ಕಾನ್ಸುಲೇಟಿನ ಗೃಹಸ್ಥರು ಮೂರನೆಯ ಹಾಡಿಗೆ ಗಡಿಯಾರ ನೋಡಿಕೊಂಡು ಎದ್ದರು. ಅವಳು ಹಾಡಿನ ಸಾಲು ಎಸೆದು ಉತ್ತರಕ್ಕೆ ಕಾದಾಗ ಸಭಾಂಗಣದಲ್ಲಿ ಉತ್ತರ ಕೊಡಬಲ್ಲವಳು ನಾನೊಬ್ಬಳೇ, ನಾನು ಆ ಸಾಲನ್ನು ಎತ್ತಿಕೊಳ್ಳದೆ ತಲೆ ತಗ್ಗಿಸಿ ಕೂತೆ. ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಹರಾನಾವನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿ ಇಟ್ಟು ಬಂದು ಅಜ್ಜಿಗೆ ನೇರವಾಗಿ ಹೇಳಿದಳು, ಅಮ್ಮಾ, ಡಿಸೆಂಬರಿಗೆ ಊರಿಗೆ ಹೋಗ್ತೀನಿ ಎಂದು. ಎಷ್ಟು ದಿನಕ್ಕೆ ಎಂದು ಅಜ್ಜಿ ಕೇಳಿದಳು. ಗೊತ್ತಿಲ್ಲ ಎಂದಳು. ಅಜ್ಜಿ ಅವಳ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಸೀನು ಚಿಕ್ಕಪ್ಪ ಅನ್ನವನ್ನು ಕಲೆಸುತ್ತಲೇ ಇದ್ದ.

ಸೋಮವಾರ ಬೆಳಗ್ಗೆ ಚಿಕ್ಕಮ್ಮ ಸ್ನಾನ ಮಾಡಿ ಬಂದ ದಾರಿಯಲ್ಲಿ, ಕೆಂಪು ಗಾರೆಯ ಮೇಲೆ ಒದ್ದೆ ಹೆಜ್ಜೆಗಳು ಇನ್ನೂ ಆರುವ ಮೊದಲೇ, ಅಜ್ಜಿ ಹೂ ಕಟ್ಟುವ ಬಾಳೆನಾರು ಹಿಡಿದು ಕುಕ್ಕುರುಗಾಲಿನಲ್ಲಿ ಕೂತಳು. ಒಂದು ಹೆಜ್ಜೆಯ ಉದ್ದಕ್ಕೆ ನಾರು ಹಿಡಿದು ಗಂಟು ಹಾಕಿದಳು, ಅಗಲಕ್ಕೆ ಇನ್ನೊಂದು ಗಂಟು. ಶಾಲೆಗೆ ರಜೆಯಿದ್ದ ನನ್ನನ್ನು ಕರೆದುಕೊಂಡು ಆಟೋ ಹತ್ತಿದಳು. ನವರಾತ್ರಿಯಲ್ಲಿ ಬೀದಿಯ ದೇವಸ್ಥಾನದಿಂದ ಆಚೆ ಕಾಲಿಡದವಳು ಪ್ಯಾರೀಸ್ ಕಾರ್ನರಿನ ಬೂಟಿನ ಅಂಗಡಿಗಳ ಸಾಲಿನಲ್ಲಿ, ಸೆರಗು ಮೈಗೆ ಬಿಗಿಯಾಗಿ ಸುತ್ತಿಕೊಂಡು, ಯಾರಿಗೂ ತಗುಲದಂತೆ ನಡೆದಳು. ಒಂದು ಅಂಗಡಿಯ ಹೊರಗಡೆಯೇ ನಿಂತು ಬಾಳೆನಾರನ್ನು ನನ್ನ ಕೈಯಲ್ಲಿ ಒಳಗೆ ಕಳಿಸಿದಳು. ತೊಗಲು ಕೂಡದು, ಹಿಮ್ಮಡಿ ಮರದ್ದಾಗಿರಬೇಕು, ಬೆಳ್ಳಗಿರಬೇಕು. ಅಂಗಡಿಯಾತ ಮೂರು ನಾಲ್ಕು ಜೊತೆ ತಂದ. ಅಜ್ಜಿ ಮುಟ್ಟಲಿಲ್ಲ. ಕೌಂಟರಿನ ಮೇಲೆ ಬಡಿ ಎಂದಳು, ತಮಿಳಿನಲ್ಲಿ. ಅವನು ನನ್ನ ಮುಖ ನೋಡಿದ. ಬಡಿಯಪ್ಪಾ, ಸದ್ದು ಕೇಳಬೇಕು ಎಂದಳು. ಅವನು ಒಂದೊಂದೇ ಬೂಟನ್ನು ಮರದ ಕೌಂಟರಿಗೆ ಬಡಿದ, ಇವಳು ಬೀದಿಯಲ್ಲಿ ನಿಂತು ತಲೆ ಓರೆ ಮಾಡಿ ಕೇಳಿದಳು. ಮೂರನೆಯ ಜೊತೆಗೆ ಕೈಯೆತ್ತಿದಳು. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡಳು. ಪೊಟ್ಟಣದ ಬಗ್ಗೆ ಬಾಯಿ ಬಿಡಬಾರದೆಂದು ನನಗೆ ಅಪ್ಪಣೆಯಾಯಿತು.

ಬೇರೆ ವರ್ಷಗಳಲ್ಲಿ ದಶಮಿ ಕಳೆದ ಮೇಲೂ ಸೋಮಾರಿತನದಿಂದ ಗೊಂಬೆಗಳು ಎರಡು ದಿನ ಹಾಗೇ ಇರುತ್ತಿದ್ದವು. ಆ ವರ್ಷ ವಿಜಯದಶಮಿಯ ಬೆಳಗ್ಗೆ ಪೂಜೆ ಮುಗಿದು ಕಲಶ ಕದಲಿಸಿದ್ದೇ ಅಜ್ಜಿ ಎಲ್ಲವನ್ನೂ ಇಳಿಸಲು ಹೇಳಿದಳು. ನನ್ನ ಸಾಸಿವೆ ಹುಲ್ಲು ಹಿತ್ತಿಲಿಗೆ ಹೋಯಿತು. ಪಂಚೆ ಎಳೆದಾಗ ಹಲಸಿನ ಮಣೆ ಬರಿಮೈಯಲ್ಲಿ ನಿಂತಿತು. ಅದನ್ನು ನಡುಮನೆಯ ನಟ್ಟನಡುವೆ ಎಳೆಸಿ, ಒದ್ದೆ ಬಟ್ಟೆಯಲ್ಲಿ ತಾನೇ ಒರೆಸಿ, ಚಿಕ್ಕಮ್ಮನನ್ನು ಕೂಗಿದಳು. ಪಕ್ಕದಲ್ಲಿ ಹೊಸ ವೃತ್ತಪತ್ರಿಕೆಯ ಮೇಲೆ ಬಿಳಿ ಬೂಟುಗಳಿದ್ದವು. ಅವಕ್ಕೆ ಅರಿಸಿನ ಕುಂಕುಮ ಇಟ್ಟಿರಲಿಲ್ಲ. ಅಷ್ಟು ದೂರ ಅವಳು ಹೋಗಲಿಲ್ಲ, ಹೋದಳೆಂದು ನಾನು ಬರೆಯುವುದೂ ಇಲ್ಲ.

"ಇದು ಬೀದಿಗೆ ಇಳಿಯೋ ಹಾಗಿಲ್ಲ. ಮನೇದು ಮನೇಲೇ ಇರಬೇಕು. ಬೀದಿ ಕಾಣದ ಬೂಟಿಗೆ ಮೈಲಿಗೆ ಎಲ್ಲಿಂದ ಬರುತ್ತೆ?"

ಚಿಕ್ಕಮ್ಮ ಬೂಟನ್ನೂ ನೋಡಿದಳು, ಮಣೆಯನ್ನೂ ನೋಡಿದಳು. "ಅಮ್ಮಾ, ನಾನು ಡಿಸೆಂಬರಿಗೆ..."

"ಡಿಸೆಂಬರ್ ಡಿಸೆಂಬರಲ್ಲಿ ಬರುತ್ತೆ. ಇವತ್ತು ದಶಮಿ, ಪಾಠ ಶುರು ಮಾಡೋ ದಿನ. ಈ ವಾದದ ಮೂಟೇನ ಕೂರಿಸ್ಕೊಂಡು ಒಂದು ಪಾಠ ಹೇಳ್ಕೊಡು. ಶಿಷ್ಯೇನ ಅರ್ಧಕ್ಕೆ ಬಿಟ್ಟು ಹೋಗೋಳು ಗುರು ಅಲ್ಲ."

ಆಗ ಅವಳು ಅತ್ತಳೇ? ನನಗೆ ಗೊತ್ತಿಲ್ಲ, ನಾನು ಅವಳ ಕಾಲುಗಳನ್ನೇ ನೋಡುತ್ತಿದ್ದೆ. ಬೂಟು ಸರಿಯಾಗಿ ಕೂತಿತು. ಅವಳು ಮಣೆ ಹತ್ತುವ ಮುಂಚೆ ಬಗ್ಗಿ ಅದನ್ನು ಬೆರಳಿನಿಂದ ಮುಟ್ಟಿದಳು. ಮೊದಲ ಹಿಮ್ಮಡಿ ಬಿದ್ದ ಸದ್ದಿಗೆ ಬಾಗಿಲಿನ ಚಿಲಕ ಗಿಲಿಗಿಲಿ ಎಂದಿತು. ಎದುರು ಮನೆಯ ಇಬ್ಬರು ಹುಡುಗಿಯರು, ಹಾಲು ತಂದವರು, ಉಸಲಿಯ ಪಾತ್ರೆ ವಾಪಸು ಕೊಡಲು ಬಂದ ಮಾಮಿ ಬಾಗಿಲಲ್ಲಿ ನಿಂತರು, ನಿಂತವರು ಒಳಗೆ ಬಂದರು. ನಾನು ಕೆಟ್ಟ ಶಿಷ್ಯೆ, ಆರು ತಿಂಗಳಿಗೆ ಬಿಟ್ಟೆ. ಎದುರು ಮನೆಯ ಹುಡುಗಿಯರು ಬಿಡಲಿಲ್ಲ. ಅವರ ಹಿಂದೆ ಅವರ ಶಾಲೆಯವರು ಬಂದರು, ಆಮೇಲೆ ಹಿಂದಿನ ಬೀದಿಯ ವಸತಿ ಬಡಾವಣೆಯ ಮಕ್ಕಳು. ಡಿಸೆಂಬರ್ ಬಂತು, ಹೋಯಿತು, ಚಿಕ್ಕಮ್ಮ ಹೋಗಲಿಲ್ಲ. ಇವತ್ತು ಅವಳ ಗುಂಪು ಸೇರುವ ಸಭಾಂಗಣದಲ್ಲಿ ಒಂದು ಗೋಡೆಯುದ್ದಕ್ಕೂ ಕಪಾಟು, ಒಂದೊಂದು ಗೂಡಿನಲ್ಲಿ ಒಂದೊಂದು ಮಗುವಿನ ಬೂಟು. ಬೀದಿಯ ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಕಾಲು ತೊಳೆದು, ಆಮೇಲೆ ಬೂಟು. ಮೆಕ್ಸಿಕೊದಿಂದ ಬಂದ ಸಂಗೀತಗಾರರು ಅದನ್ನು ಕಂಡು ನಮ್ಮಲ್ಲಿ ಹೀಗಿಲ್ಲವಲ್ಲ ಎಂದಾಗ ಚಿಕ್ಕಮ್ಮ ನಗುತ್ತಾಳೆ, ತಿದ್ದುವುದಿಲ್ಲ. ನಾನು ಈ ಇಬ್ಬರು ಹೆಂಗಸರ ಋಣದಲ್ಲಿದ್ದೇನೆ. ಉತ್ತರ ಬರುವವರೆಗೆ ಸಾಲನ್ನು ಹಿಡಿದು ನಿಲ್ಲುವುದನ್ನು ಒಬ್ಬಳು ಕಲಿಸಿದಳು, ಸೋತ ಮೇಲೂ ಕೂತು ಊಟ ಮಾಡುವುದನ್ನು ಇನ್ನೊಬ್ಬಳು. ಯಾವುದು ಯಾರಿಂದ ಎಂದು ಬೇರ್ಪಡಿಸಿ ಹೇಳಲು ಈಗ ನನಗೇ ಬರುವುದಿಲ್ಲ.

ಆದರೆ ಒಂದು ವಿಷಯ ಇತ್ಯರ್ಥವಾಗಿಲ್ಲ. ಅಜ್ಜಿ ಮದುವೆಗೆ ಮುಂಚೆ ಹತ್ತು ವರ್ಷ ವೀಣೆ ಕಲಿತವಳು ಎಂದು ನನಗೆ ತಿಳಿದದ್ದು ತೀರ ಈಚೆಗೆ, ಅವಳ ತಮ್ಮನಿಂದ. ಹಲಸಿನ ಮರವನ್ನು ಅವಳು ಮೂಸಿ ಗುರುತಿಸಬಲ್ಲಳು. ಎರಡು ವರ್ಷ ಅವಳ ಅಡುಗೆಮನೆಯ ನೆತ್ತಿಯ ಮೇಲೆಯೇ ಚಿಕ್ಕಮ್ಮ ದಿನವೂ ಕುಣಿದಿದ್ದಾಳೆ, ಮೊದಲು ಬರಿ ನೆಲದ ಮೇಲೆ, ಮಣೆ ಬಂದ ಮೇಲೆ ಮಣೆಯ ಮೇಲೆ. ಹಿತ್ತಿಲಿನ ನಲ್ಲಿ ತೊಟ್ಟಿಕ್ಕಿದರೆ ಕೇಳಿಸುವ ಕಿವಿಗೆ ಅದು ಕೇಳಿಸಿರಲಿಲ್ಲ ಎಂದು ನಾನು ಒಪ್ಪಲಾರೆ. ಮತ್ತು ಬಡಿದು ನೋಡಿದ್ದು ಒಂದು ಸಲ ಅಲ್ಲ, ಮೂರು ಸಲ. ಮೆಟ್ಟಿಲಿಗೆ ಹಲಗೆ ಹುಡುಕುವವರು ಗಟ್ಟಿಯಿದೆಯೇ ಎಂದು ತುಳಿದು ನೋಡುತ್ತಾರೆ, ಕಿವಿಗೊಟ್ಟು ಕೇಳುವುದಿಲ್ಲ. ಈ ನವರಾತ್ರಿಗೂ ಅವಳ ಎದುರು ಹೊಸಿಲಿನ ಈಚೆ ಕೂತು, ಕನ್ನಡದಲ್ಲೇ, ಕೇಳಿದೆ. ಎಂಬತ್ತೈದರ ಅಜ್ಜಿ ತೆಂಗಿನಕಾಯಿ ತುರಿಯುತ್ತಿದ್ದಳು, ತುರಿಯುತ್ತಲೇ ಇದ್ದಳು. ಹೋಗಲಿ, ಇಲ್ಲಿ ಬರೆದಿಡುತ್ತೇನೆ, ಚಿಕ್ಕಮ್ಮನೇ ಓದಿ ಹೇಳಲಿ. ಅಜ್ಜಿ, ಆವತ್ತು ನೀನು ಕೇಳಿದಾಗ ನಾನು ನಿಜ ಹೇಳಿದ್ದೆ. ಈಗ ನಿನ್ನ ಸರದಿ. ಆ ಮಣೆಯನ್ನ ಬಡಿದು ನೋಡಿದಾಗ ಅದು ಏನೂಂತ ನಿನಗೆ ಗೊತ್ತಿತ್ತಾ? ಗೊತ್ತಿದ್ದರೆ, ಅದನ್ನ ದೇವರ ಕೆಳಗೆ ಇಟ್ಟಿದ್ದು ಅವಳು ಹೋಗಲಿ ಅಂತಾನಾ, ಹೋಗದೆ ಇರಲಿ ಅಂತಾನಾ?